ಓವರ್‌ಲ್ಯಾಪ್‌ಗೆ ‘ಅತಿವ್ಯಾಪ್ತಿ’ ಸರಿಯಾ?

ಎಲ್ಲರಿಗೂ ನಮಸ್ಕಾರ.

ಕನ್ನಡ ಮಾಧ್ಯಮದ ಹೈಸ್ಕೂಲ್ ಮಕ್ಕಳಿಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಡ್ರೋನ್‌ನಲ್ಲಿ ಚಿತ್ರ ತೆಗೆದು ಇಡೀ ಪೇಟೆಯ ತ್ರೀಡಿ ಮಾದರಿ ಕಟ್ಟುವುದು ಹೇಗೆ, ಹಾರಿಸುವ ಮೊದಲು ಏನೇನು ಲೆಕ್ಕ ಹಾಕಬೇಕು ಅಂತ. ಉದಾಹರಣೆಗೆ ನಮ್ಮ ಕಾಸರಗೋಡು ಪೇಟೆಯನ್ನೇ ಇಟ್ಟುಕೊಂಡಿದ್ದೇನೆ. ಕ್ಯಾಮೆರಾ, ಲೆನ್ಸ್, ಪಿಕ್ಸೆಲ್ ಎಲ್ಲ ಹಾಗೇ ಬಿಟ್ಟಿದ್ದೇನೆ. ಅವು ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು. ತೊಡಕಾಗಿರುವುದು ‘ಓವರ್‌ಲ್ಯಾಪ್’ ಹತ್ತಿರ. ಅಂದರೆ ಒಂದು ಚಿತ್ರದಲ್ಲಿ ಬಂದ ಜಾಗದ ಒಂದು ಭಾಗ ಪಕ್ಕದ ಚಿತ್ರದಲ್ಲೂ ಬರುವುದು.

ಪಠ್ಯಗಳಲ್ಲಿ ಇದಕ್ಕೆ ‘ಅತಿವ್ಯಾಪ್ತಿ’, ‘ಅತಿವ್ಯಾಪನೆ’ ಅಂತ ಇದೆ. ಸ್ವಲ್ಪ ತರ್ಕ ಓದಿದವರಿಗೆ ಅತಿವ್ಯಾಪ್ತಿ ಅಂದ ಕೂಡಲೇ ದೋಷ ಅಂತಲೇ ನೆನಪಾಗುತ್ತದೆ. ಕೊಂಬಿರುವುದೇ ದನದ ಲಕ್ಷಣ ಅಂದರೆ ಎಮ್ಮೆಯೂ ಒಳಗೆ ಬಂದುಬಿಡುತ್ತದಲ್ಲ, ಆ ದೋಷ. ಆದರೆ ಇಲ್ಲಿ ಓವರ್‌ಲ್ಯಾಪ್ ಬೇಕೂಂತಲೇ ಇಡುವಂಥದ್ದು. ಎಷ್ಟು ಅಂತ ಒಂದು ಲೆಕ್ಕ ನೋಡಿ.

ಒಂದಿಂಚಿನ ಸೆನ್ಸರ್, 8.8 ಮಿ.ಮೀ. ಲೆನ್ಸ್, 20 ಮೆಗಾಪಿಕ್ಸೆಲ್‌ನ ಕ್ಯಾಮೆರಾ. 100 ಮೀಟರ್ ಎತ್ತರದಲ್ಲಿ ಹಾರಿಸಿದರೆ ಒಂದು ಚಿತ್ರಕ್ಕೆ ನೆಲದ ಮೇಲೆ 150 ಮೀಟರ್ ಅಗಲ, 100 ಮೀಟರ್ ಉದ್ದದ ಜಾಗ ಸಿಗುತ್ತದೆ. ಒಂದು ಪಿಕ್ಸೆಲ್ ಅಂದರೆ ಸುಮಾರು 2.7 ಸೆಂ.ಮೀ. (2021ರ ಡ್ರೋನ್ ನಿಯಮದಂತೆ ಹಸಿರು ವಲಯದಲ್ಲಿ, ಅಂದರೆ ಮೊದಲೇ ಅನುಮತಿ ಕೇಳಬೇಕಿಲ್ಲದ ಕಡೆ, 120 ಮೀಟರ್‌ವರೆಗೆ ಹಾರಿಸಬಹುದು.) ಡ್ರೋನ್ ಹಾರುವ ಸಾಲಿನ ಉದ್ದಕ್ಕೆ 80 ಪರ್ಸೆಂಟ್, ಬದಿಯ ಸಾಲಿನ ಜೊತೆ 70 ಪರ್ಸೆಂಟ್ ಓವರ್‌ಲ್ಯಾಪ್ ಇಟ್ಟರೆ 20 ಮೀಟರ್‌ಗೊಂದು ಚಿತ್ರ, 45 ಮೀಟರ್‌ಗೊಂದು ಸಾಲು. ಪೇಟೆಯನ್ನು 4 ಕಿ.ಮೀ. ಉದ್ದ, 4 ಕಿ.ಮೀ. ಅಗಲದ ಚೌಕ ಅಂತ ಇಟ್ಟುಕೊಳ್ಳಿ. 90 ಸಾಲು, ಸಾಲಿಗೆ 200. ಒಟ್ಟು 18,000 ಚಿತ್ರ! ಗೋಡೆಗಳೂ ಬರಬೇಕು ಅಂತ ಓರೆಯಾಗಿ ನಾಲ್ಕೂ ದಿಕ್ಕಿಗೆ ತೆಗೆದರೆ ಇದರ ಐದು ಪಟ್ಟು. ನೆಲದ ಒಂದೊಂದು ಜಾಗವೂ ನೇರ ಚಿತ್ರಗಳಲ್ಲೇ ಸುಮಾರು 17 ಸಲ ಬಂದಿರುತ್ತದೆ. ಬೇರೆ ಬೇರೆ ಕಡೆಯಿಂದ ಹಾಗೆ ಕಂಡರೆ ತಾನೇ ಅದು ಎಷ್ಟು ಎತ್ತರದಲ್ಲಿದೆ ಅಂತ ಸಾಫ್ಟ್‌ವೇರ್‌ಗೆ ತಿಳಿಯುವುದು?

ಇನ್ನೊಂದು ವಿಷಯ ಇದೆ. ಆ 80 ನೆಲಕ್ಕೆ ಮಾತ್ರ. 30 ಮೀಟರ್ ಎತ್ತರದ ಕಟ್ಟಡದ ತಾರಸಿ ಕ್ಯಾಮೆರಾದಿಂದ 70 ಮೀಟರ್ ದೂರದಲ್ಲಷ್ಟೇ ಇರುತ್ತದೆ. ಅಲ್ಲಿ 80 ಇದ್ದದ್ದು 71 ಆಗುತ್ತದೆ, ಬದಿಯ 70 ಇದ್ದದ್ದು 57ಕ್ಕೆ ಇಳಿಯುತ್ತದೆ. ನಮ್ಮ ಕಡೆಯ ಗುಡ್ಡೆಗಳ ಮೇಲೂ ಇದೇ ಕತೆ. ಹಾಗಾಗಿ ಮೊದಲೇ ಜಾಸ್ತಿ ಇಡುತ್ತಾರೆ. ತೆಂಗಿನ ತೋಟದ ಮೇಲಂತೂ ಎಷ್ಟಿಟ್ಟರೂ ಸಾಲದು. ಗಾಳಿಗೆ ಗರಿ ಆಡುತ್ತಿರುತ್ತದೆ, ಈ ಚಿತ್ರದಲ್ಲಿ ಇದ್ದಲ್ಲಿ ಮುಂದಿನದರಲ್ಲಿ ಇರುವುದಿಲ್ಲ. ಚಂದ್ರಗಿರಿ ಹೊಳೆಯ ನೀರೂ ಹಾಗೇ, ಒಂದು ಚಿತ್ರವನ್ನು ಇನ್ನೊಂದಕ್ಕೆ ಹೊಂದಿಸಲು ಒಂದು ಗುರುತೂ ಸಿಗುವುದಿಲ್ಲ.

ಅಂದರೆ ನಮಗೆ ಬೇಕಾದ ಪದದ ಜೊತೆ ‘80 ಪರ್ಸೆಂಟ್’ ಅಂತ ಹೇಳಲು ಬರಬೇಕು. ‘ಮುಂದಿನ’, ‘ಬದಿಯ’ ಅಂತ ಸೇರಿಸಲೂ ಬರಬೇಕು. ನಾನು ನೋಡಿದ ಪದಗಳು ಇವು. ‘ಹೊದಿಕೆ’ ಚೆನ್ನಾಗಿದೆ, ಆದರೆ ಒಟ್ಟು ಎಷ್ಟು ಜಾಗ ಚಿತ್ರಕ್ಕೆ ಬಂತು ಅನ್ನುವುದಕ್ಕೆ ಅದನ್ನು ಆಗಲೇ ಬಳಸಿಯಾಗಿದೆ. ‘ಕೂಡುಪಾಲು’ ಅಂತ ಗೆಳೆಯರೊಬ್ಬರು ಹೇಳಿದರು. ನಮ್ಮೂರಲ್ಲಿ ಪಾಲು ಅಂದರೆ ಆಸ್ತಿಯದ್ದೇ, ಮಕ್ಕಳು ಮನೆಯಲ್ಲಿ ಹೇಳಿದರೆ ಅಜ್ಜ ಎದ್ದು ಕೂರುತ್ತಾರೆ. ‘ಒತ್ತುವರಿ’ ಅಂದವರೂ ಇದ್ದಾರೆ. ಸರ್ವೆಯ ಮಾತಲ್ಲಿ ಒತ್ತುವರಿ ಅಂದರೆ ಸೀದಾ ಜಗಳ!

ಮಾಡಿಗೆ ಹಂಚು ಹಾಸುವಾಗಲೂ ಒಂದರ ಅಂಚು ಇನ್ನೊಂದರ ಮೇಲೆ ಕೂರುತ್ತದೆ, ಆದರೆ ಅದು ತೀರಾ ಸ್ವಲ್ಪ. ಹಿಂದೆ ಮಡಲು (ತೆಂಗಿನ ಗರಿ) ಹೆಣೆದು ಹೊದೆಸುವಾಗ ಒಂದರ ಮೇಲೊಂದು ಒತ್ತೊತ್ತಾಗಿ ಬರುತ್ತಿತ್ತು. ಆ ಕೆಲಸ ಮಾಡಿದವರು ಮೇಲಿನದರಡಿ ಹೋಗುವ ಆ ಭಾಗಕ್ಕೆ ಏನನ್ನುತ್ತಿದ್ದರು? ಮುಳ್ಳೇರಿಯ, ಅಡೂರು, ಪೆರ್ಲ, ಬದಿಯಡ್ಕದ ಕಡೆಯವರು ದಯವಿಟ್ಟು ಮನೆಯ ಹಿರಿಯರನ್ನು ಕೇಳಿ ತಿಳಿಸಿ. ತುಳುವಿನದ್ದಾದರೂ ಆಗಬಹುದು. ಪದ ಸಿಗದಿದ್ದರೆ ‘ಓವರ್‌ಲ್ಯಾಪ್’ ಅಂತಲೇ ಇಡುತ್ತೇನೆ, ‘ಅತಿವ್ಯಾಪ್ತಿ’ಗಿಂತ ವಾಸಿ.

ಹಾಗೇ ಇನ್ನೊಂದು. ತ್ರೀಡಿ ಮಾದರಿ ತನ್ನ ಜಾಗ ತಪ್ಪಬಾರದು ಅಂತ ಅಲ್ಲಲ್ಲಿ ನೆಲಕ್ಕೆ ಸುಣ್ಣದಲ್ಲಿ ಕೂಡಿಸುವ ಚಿಹ್ನೆ ಬರೆದು, ಅದರ ನಡುವನ್ನು ಆರ್‌ಟಿಕೆ ಜಿಪಿಎಸ್‌ನಲ್ಲಿ (ಮಾಮೂಲಿಗಿಂತ ತುಂಬಾ ನಿಖರವಾದ ಜಿಪಿಎಸ್) ಎರಡು ಮೂರು ಸೆಂಟಿಮೀಟರ್ ಆಚೀಚೆ ಆಗದಂತೆ ಅಳೆಯುತ್ತಾರೆ. ಇದಕ್ಕೆ ‘ನಿಯಂತ್ರಣ ಬಿಂದು’ ಅನ್ನುವುದು ಬರೀ ಪುಸ್ತಕದ ಮಾತು. ‘ಗುರುತುಕಲ್ಲು’ ಅಂತೂ ಬೇಡವೇ ಬೇಡ. 2022ರಲ್ಲಿ ಕೇರಳದಲ್ಲಿ ಸಿಲ್ವರ್‌ಲೈನ್ ರೈಲಿಗೆ ನೆಟ್ಟ ಹಳದಿ ಕಲ್ಲುಗಳನ್ನು ಜನ ಕಿತ್ತೆಸೆದದ್ದು ನೆನಪಿದೆಯಲ್ಲ. ಇದು ಯಾರ ಜಾಗವನ್ನೂ ತೆಗೆದುಕೊಳ್ಳುವ ಗುರುತಲ್ಲ, ಮಳೆ ಬಂದರೆ ತೊಳೆದುಹೋಗುವಂಥದ್ದು. ‘ನೆಲಗುರುತು’ ಅಂತ ಬರೆದಿದ್ದೇನೆ. ಆಗಬಹುದಾ?