ಓಟಿಯಲ್ಲಿ (ಆಪರೇಷನ್ ಥಿಯೇಟರ್) ಬಟ್ಟೆ ಡ್ರೇಪ್: ಮಳೆಗಾಲದಲ್ಲಿ ಪ್ಯಾಕ್ ಒದ್ದೆ ಬರ್ತದೆ, ಏನು ಮಾಡುವುದು?

ಬದಿಯಡ್ಕ_ಓಟಿ
20 ಹಾಸಿಗೆಯ ಆಸ್ಪತ್ರೆ. ಒಮ್ಮೆ ಬಳಸಿ ಎಸೆಯುವ ಡ್ರೇಪ್ (ಆಪರೇಷನ್ ಹೊತ್ತಿಗೆ ರೋಗಿಗೆ ಹೊದಿಸುವುದು), ಗೌನಿಗೆ ರಕ್ತ ತಾಗಿದರೆ ಹಳದಿ ಚೀಲ, ಅಲ್ಲಿಂದ ಸುಡುವುದಕ್ಕೆ. ಹೊಗೆಯೂ ಹೆಚ್ಚು, ಬಿಲ್ಲೂ ಹೆಚ್ಚು. ಹತ್ತಿಬಟ್ಟೆಗೆ ಬದಲಾಯಿಸುವ ಅಂತ ಉಂಟು. ಆದರೆ ಆಟಿಯ ಮಳೆಗೆ ಬಟ್ಟೆ ಒಣಗುವುದಿಲ್ಲ, ಆಟೋಕ್ಲೇವಿನ ಹಬೆಯಲ್ಲಿ ಕ್ರಿಮಿ ಕೊಂದಾದ ಮೇಲೂ ಕಟ್ಟಿದ ಪ್ಯಾಕಿನ ಒಳಗೆ ಪಸೆ. ಡ್ರೈಯರ್ ಹಾಕಿದರೆ ಉಳಿಸಿದ್ದೆಲ್ಲ ಕರೆಂಟಿಗೇ ಹೋಗುವುದಿಲ್ಲವಾ?

ಸಿಎಸ್‌ಎಸ್‌ಡಿ_ಕುಂಬಳೆ
ಒಣಗಿದ ಬಟ್ಟೆ ಹಾಕಿಯೂ ಪಸೆ ಬಂದರೆ ಮಳೆಯನ್ನು ಬೈದು ಪ್ರಯೋಜನ ಇಲ್ಲ, ತುಂಬುವ ಕ್ರಮ ನೋಡಿ. ಬಟ್ಟೆ ಪ್ಯಾಕ್ 30×30×50 ಸೆಂ.ಮೀ. ಮೀರಬಾರದು, ತೂಕ ಐದೂವರೆ ಕೆ.ಜಿ. ಒಳಗೆ. ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕ ಜೋಡಿಸಿದ ಹಾಗೆ ನಿಲ್ಲಿಸಿ, ನಡುವೆ ಅಂಗೈ ತೂರುವಷ್ಟು ಜಾಗ ಇರಲಿ. ಸ್ಟೀಲ್ ಟ್ರೇ ಮೇಲಿನ ತಟ್ಟಿನಲ್ಲಿದ್ದರೆ ಅದರ ನೀರು ಕೆಳಗಿನ ಬಟ್ಟೆಗೇ ತೊಟ್ಟಿಕ್ಕುತ್ತದೆ. ಟ್ರೇ ಕೆಳಗೆ, ಬಟ್ಟೆ ಮೇಲೆ. 121 ಡಿಗ್ರಿಯಲ್ಲಿ 30 ನಿಮಿಷ ಆಗಿ, ಒಣಗಿಸುವ ಹಂತವೂ ಮುಗಿದ ಮೇಲೆ ಬಾಗಿಲು ಒಂದು ಬೆರಳಿನಷ್ಟು ತೆರೆದು 10 ನಿಮಿಷ ಬಿಡಿ. ಬಿಸಿ ಪ್ಯಾಕನ್ನು ಗ್ರಾನೈಟ್ ಮೇಲೆ ಇಟ್ಟಿರೋ, ಅಡಿ ಬೆವರಿತು! ತಂತಿ ರ‍್ಯಾಕಿನಲ್ಲೇ ಆರಲಿ. ಒದ್ದೆ ಪ್ಯಾಕ್ ಸ್ಟೆರೈಲ್ (ಕ್ರಿಮಿರಹಿತ) ಅಲ್ಲ, ಹಬೆ ತಾಗಿದ್ದನ್ನು ತೋರಿಸುವ ಟೇಪಿನ ಗೆರೆ ಕಪ್ಪಾಗಿದ್ದರೂ.

ಡ್ರೈಯರಿಗೆ ಹಾಕುವ ಮೊದಲು ವಾಷರಿನಲ್ಲಿ ಜೋರಾಗಿ ಹಿಂಡಿಸಿ, ಅಲ್ಲೇ ಕರೆಂಟು ಉಳಿಯುವುದು. ಅರ್ಧ ತುಂಬಿದ ಆಟೋಕ್ಲೇವ್ ಓಡಿಸಬೇಡಿ.

ಒಂದು ಮಾತು: ಸಿಸೇರಿಯನ್‌ನಂಥ ನೀರು ಹರಿಯುವ ಕೇಸಿಗೆ ಬರೀ ಹತ್ತಿ ಸಾಲದು, ನೆನೆದರೆ ಅದರ ಮೂಲಕವೇ ಕ್ರಿಮಿ ದಾಟುತ್ತದೆ. ಅಲ್ಲಿ ಈಗಿನ ಬಳಸಿ ಎಸೆಯುವುದೇ ಇರಲಿ.

ಅರಿವಳಿಕೆ_ಮಂಜೇಶ್ವರ
ಡ್ರೇಪಿನ ಲೆಕ್ಕ ಸರಿ, ಆದರೆ ಅರಿವಳಿಕೆಗೆ ಕೊಡುವ ನೈಟ್ರಸ್ ಅನಿಲದ ಪೈಪ್‌ಲೈನ್ ಉಂಟಾ? ಇದ್ದರೆ ಮೊದಲು ಅದನ್ನು ನೋಡಿ. ಭೂಮಿ ಬಿಸಿ ಮಾಡುವುದರಲ್ಲಿ 1 ಕೆ.ಜಿ. ನೈಟ್ರಸ್ ಆಕ್ಸೈಡ್ ಸುಮಾರು 273 ಕೆ.ಜಿ. ಇಂಗಾಲದ ಡೈಆಕ್ಸೈಡಿಗೆ ಸಮ, ಅಂದರೆ ನೂರಕ್ಕೂ ಹೆಚ್ಚು ಲೀಟರ್ ಪೆಟ್ರೋಲ್ ಉರಿಸಿದಷ್ಟು. ಗೇಜ್ ನಂಬಬೇಡಿ, ಸಿಲಿಂಡರಿನೊಳಗೆ ದ್ರವ ಇರುವ ತನಕ ಮುಳ್ಳು ಇಳಿಯುವುದೇ ಇಲ್ಲ. ಕೊನೆಯ ಕೇಸ್ ಮುಗಿದ ಮೇಲೆ ಸಿಲಿಂಡರ್ ತೂಗಿ, ಮೊದಲಿನ ಹಾಗೆ ಜೋಡಿಸಿ ವಾಲ್ವ್ ತೆರೆದಿಡಿ, ಬೆಳಿಗ್ಗೆ ಮತ್ತೆ ತೂಗಿ. ಯಾರೂ ಬಳಸದೆ ತೂಕ ಇಳಿದರೆ ಅದು ಸೋರಿದ್ದೇ. ಪೈಪ್‌ಲೈನ್ ಮುಚ್ಚಿಸಿ, ಅರಿವಳಿಕೆ ಮೆಷಿನ್ನಿಗೇ ಸಣ್ಣ ನೀಲಿ ಸಿಲಿಂಡರ್ ಸಿಕ್ಕಿಸಿ, ಕೇಸ್ ಮುಗಿದ ಕೂಡಲೇ ವಾಲ್ವ್ ಮುಚ್ಚಿ.

ಬದಿಯಡ್ಕ_ಓಟಿ
ಪೈಪ್‌ಲೈನ್ ಉಂಟು. ಇಂದು ರಾತ್ರಿಯೇ ತೂಗಿಸ್ತೇನೆ.

ಸಿಎಸ್‌ಎಸ್‌ಡಿ_ಕುಂಬಳೆ
ಹಾಗೇ ಹಳದಿ ಚೀಲದ ಬಾಯಿಗೂ ಒಮ್ಮೆ ಇಣುಕಿ. ಗ್ಲೌಸಿನ ಪೊಟ್ಟಣ, ಸಿರಿಂಜಿನ ಹೊರ ಕಾಗದ ಅದರಲ್ಲಿ ಇದ್ದೇ ಇರ್ತದೆ. ರೋಗಿಗೆ ತಾಗದ ಕಾಗದವನ್ನು ಸುಡಲಿಕ್ಕೆ ಕಳಿಸಬೇಕಾಗಿಲ್ಲ. ಬಳಸಿದ ಗ್ಲೌಸ್, ಐವಿ ಸೆಟ್ ಕೆಂಪು ಚೀಲಕ್ಕೆ.