ಸಮಸ್ಯೆ: ಕುದುರೆಯ ಗೊರಸಿಂದೆ ಮನೆಗಳೆದ್ದುವು ನೋಡಾ

ಪೆನ್ಷನ್ ಮೇಷ್ಟ್ರು: ಈ ವಾರದ ಸಾಲು ಮೇಲಿದೆ. ಅದೇ ಕೊನೆಯ ಸಾಲಾಗುವಂತೆ ಮೇಲೆ ಮೂರು ಸಾಲು ಕಟ್ಟಿ ಪೂರಣ ಮಾಡಿ. ಕಂದ ಛಂದಸ್ಸಿನಲ್ಲೇ ಬರಲಿ. ಹೋದ ಸಲದ ಜಗಳ ಇಲ್ಲಿಗೆ ತರಬೇಡಿ.

ತುಂಗಾತೀರ:
ಚದುರಂಗದ ಹಾಸಿನ ಮೇ-
ಲಿದೊ ಜಿಗಿಯಲ್ ಕರಿಯ ಬಿಳಿಯ ಚೌಕಗಳೆಲ್ಲಂ
ಕದಲಿದುವಾಟದ ಭರದೊಳ್
ಕುದುರೆಯ ಗೊರಸಿಂದೆ ಮನೆಗಳೆದ್ದುವು ನೋಡಾ

ಪೆನ್ಷನ್ ಮೇಷ್ಟ್ರು: ಭೇಷ್. ಮುಂದೆ?

ಶಾನುಭೋಗ: ಆಟದ ಮನೆ ಬಿಡಿ, ಇಟ್ಟಿಗೆ ಗಾರೆಯ ಮನೆ ತಗೊಳ್ಳಿ. ಪರ್ಷಿಯಾದ ಶೀರಾಜಿನಿಂದ ಬಂದ ಕುದುರೆ ವ್ಯಾಪಾರಿ ಆಗಾ ಅಲಿ ಅಸ್ಕರ್ ಮೇಲೆ.

ಮೊದಲೊಳ್ ಶೀರಾಜಿಂ ಬಂ-
ದುದು ಕುದುರೆಯ ಸಾಲು ಬಳಿಕ ಕಬ್ಬನ್ನೊಲಿದಂ
ಪದಪಿಂ ದುಡ್ಡಂ ಕೂಡಿಸೆ
ಕುದುರೆಯ ಗೊರಸಿಂದೆ ಮನೆಗಳೆದ್ದುವು ನೋಡಾ

ಲಘುಗುರು: ಅದೇನ್ರೀ "ಕಬ್ಬನ್ನೊಲಿದಂ"? ಕಣ್ ಒಂದೇ ಅಕ್ಷರದ ಪದ, ಇಲ್ಲ ಸೇರಿದರೆ ಕಣ್ಣಿಲ್ಲ, ಒಪ್ಪಿದೆ. ಎರಡಕ್ಷರದ ಕಬ್ಬನ್‌ಗೆ ಒಲಿದಂ ಸೇರುವಾಗ ಇನ್ನೊಂದು ನಕಾರ ಯಾರು ಕೊಟ್ಟರು? "ಕಬ್ಬನೆ ಕೊಂಡಂ" ಅನ್ನಿ, ಮುಗಿಯಿತು.

ಶಾನುಭೋಗ: ಕೊಂಡಂ ಅಂದರೆ ಬರೀ ವ್ಯಾಪಾರ. ಅಸ್ಕರ್ 1824ರಲ್ಲಿ ಕುದುರೆಗಳ ಜೊತೆ ಬೆಂಗಳೂರಿಗೆ ಬಂದಾಗ ಇನ್ನೂ ಹುಡುಗ. ಕಬ್ಬನ್ ಮೈಸೂರಿನ ಬ್ರಿಟಿಷ್ ಕಮಿಷನರ್ ಆಗಿದ್ದು 1834ರಲ್ಲಿ. ಇಬ್ಬರಿಗೂ ಕುದುರೆ ಹುಚ್ಚು, ಸ್ನೇಹ ಬೆಳೆದದ್ದೇ ಅಲ್ಲಿ. ಆಮೇಲಲ್ಲವೇ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಅಸ್ಕರ್ ಕಟ್ಟಿಸಿದ ಬಂಗಲೆಗಳು ಎದ್ದದ್ದು? "ಒಲಿದಂ" ತೆಗೆದರೆ ಪದ್ಯದಲ್ಲಿ ಏನುಳಿಯಿತು?

ಲಘುಗುರು: ವ್ಯಾಕರಣ ಉಳಿಯುತ್ತದೆ.

ಶಾನುಭೋಗ: ಅನ್ಯದೇಶದ ಪದ ಸ್ವಾಮಿ, ಬಾಯಿಗೆ ಬಂದ ಹಾಗೆ ಸೇರುತ್ತದೆ. ಬಸ್ ಇದೆ ಅನ್ನೋದನ್ನ ಬಸ್ಸಿದೆ ಅನ್ನಲ್ವಾ?

ಲಘುಗುರು: ಬಸ್ಸಿಗೂ ಕಣ್ಣಿನ ಹಾಗೆ ಒಂದೇ ಅಕ್ಷರ! ನನ್ನ ಪರವಾಗಿ ನೀವೇ ವಾದ ಮಾಡುತ್ತಿದ್ದೀರಿ.

ಕೆರೆಕೋಡಿ: ನಡುವೆ ಒಂದು ಮಾತು. ಅಸ್ಕರ್ ದಂಡಿನ ಸವಾರರೂ ಆಗಿದ್ದರಾ?

ತುಂಗಾತೀರ: ಅವರದ್ದು ಕುದುರೆ ವ್ಯಾಪಾರ. ಸವಾರಿ ಮೈಸೂರಿನ ಸಿಲೇದಾರರದ್ದು. ಸಿಲೇದಾರ ಅಂದರೆ ಸ್ವಂತ ಕುದುರೆ ತಂದು ಚಾಕರಿಗೆ ನಿಲ್ಲುವವನು. ಅಂಥ ಊರಲ್ಲಿ ಕುದುರೆ ಮಾರುವವನಿಗೆ ಗಿರಾಕಿ ಕಮ್ಮಿಯಾ? ಅಂದ ಹಾಗೆ, 1926ರಿಂದ 1941ರವರೆಗೆ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಇವರ ಮೊಮ್ಮಗ.

ಕೆರೆಕೋಡಿ: ಹೌದಾ! ಅಲಿ ಅಸ್ಕರ್ ರಸ್ತೆಯಲ್ಲಿ ದಿನಾ ಓಡಾಡುತ್ತೇನೆ, ಯಾರೋ ಸಾಹೇಬರ ಹೆಸರು ಅಂದುಕೊಂಡಿದ್ದೆ. ಕಬ್ಬನ್ ಪ್ರತಿಮೆಯೂ ಕುದುರೆ ಮೇಲೇ ಇದೆ ಅಲ್ವಾ?

ಲಘುಗುರು: ಇದೆ. ಅದರಲ್ಲೂ ನಕಾರ ಒಂದೇ.

ಪೆನ್ಷನ್ ಮೇಷ್ಟ್ರು: ಸಾಕು. ಪೂರಣ ಸೊಗಸಾಗಿದೆ, ಸಂಧಿ ತಪ್ಪು. ಶಾನುಭೋಗರೇ, ತಿದ್ದಿ.

ಶಾನುಭೋಗ: ತಿದ್ದಲ್ಲ. ಲಘುಗುರುಗಳ ಪೂರಣ ಎಲ್ಲಿ?

ಲಘುಗುರು: ರಾತ್ರಿ ಹಾಕುತ್ತೇನೆ.

ತುಂಗಾತೀರ: ಯಾವ ರಾತ್ರಿ ಅಂತಲೂ ಹೇಳಿಬಿಡಿ ಸಾರ್. ಯುಗಾದಿ ಸಮಸ್ಯೆಯದ್ದೇ ಇನ್ನೂ ಬಂದಿಲ್ಲ.