ಮೊಬೈಲ್ ಹೇಳಿದ ಎಣ್ಣಿ ಹೊಡದೆ, ಮುಟುರು ಹೋಗವಲ್ದು

ಪ್ರಶ್ನೆ (ರೈತ, ಬ್ಯಾಡಗಿ ತಾಲೂಕು): ಸರ್, ಎರಡು ಎಕರೆ ಡಬ್ಬಿ ಮೆಣಸಿನಗಿಡ ಅದಾವ್ರಿ. ಕುಡಿ ಎಲಿ ಮುಟುರಾದ್ವು. ಫೋಟೋ ಹೊಡದು ಬೆಳಿ ರೋಗ ಹೇಳೋ ಆ್ಯಪ್‌ಗೆ ಹಾಕಿದೆ, "ಥ್ರಿಪ್ಸ್, 92%" ಅಂತು. ಇಮಿಡಾಕ್ಲೋಪ್ರಿಡ್ ಅನ್ನೋ ಕೀಟನಾಶಕ ಎರಡು ಸಲ ಹೊಡದೆ, ಏನೂ ಫರಕ್ ಇಲ್ಲ. ಮತ್ತ ಫೋಟೋ ಹಾಕಿದ್ರ ಮತ್ತ ಅದನ್ನ ಹೇಳ್ತೈತಿ. ನಮ್ಮಪ್ಪ ಮೊದಲ ದಿನಾನ "ಇದು ಆ ನುಸಿ ಅಲ್ಲಲೇ" ಅಂದಿದ್ದ. ಮೂರನೇ ಸಲ ಹೊಡೀಲೇನ್ರಿ?

ಉತ್ತರ (ಬೆಳೆ ಸಲಹೆಗಾರ, ಹಾವೇರಿ): ತಡೀರಿ. ಎಲೆ ಅಂಚು ಮೇಲಕ್ಕೆ ಮಡಚಿ ದೋಣಿ ಆಗಿದೆಯೋ, ಕೆಳಕ್ಕೆ ಮಡಚಿ ಬೋರಲು ದೋಣಿಯೋ?

ರೈತ: ಬೋರಲ್ರಿ. ತೊಟ್ಟೂ ಉದ್ದ ಆಗ್ಯಾವು.

ಉತ್ತರ: ಹಂಗಾದರೆ ಬಹುಶಃ ಮೈಟ್. ನಮ್ಮ ಕಡೆ ಎರಡಕ್ಕೂ ನುಸಿ ಅಂತೀವಿ. ಆದರೆ ಥ್ರಿಪ್ಸ್ ಆರು ಕಾಲಿನ ಕೀಟ, ಮೈಟ್ ಎಂಟು ಕಾಲಿನ ಜೇಡನ ಬಳಗ. ಇಮಿಡಾಕ್ಲೋಪ್ರಿಡ್‌ಗೆ ಅದು ಬಗ್ಗಲ್ಲ. ಕುಡಿ ಎಲೆ ತಿರುವಿ ತಳಭಾಗ ಲೆನ್ಸ್‌ನಲ್ಲಿ ನೋಡಿ.

ಆ 92 ಅನ್ನೋದು ನಿಮ್ಮ ಹೊಲದ ಲೆಕ್ಕ ಅಲ್ಲ. ನೀವು ಮೇಲಿಂದ ಹೊಡೆದ ಚಿತ್ರ, ಆ್ಯಪ್ ಕಲಿತ ಚಿತ್ರಗಳಿಗೆ ಎಷ್ಟು ಹೊಂದುತ್ತೆ ಅನ್ನೋದು, ಅಷ್ಟೇ. ತಳಭಾಗ ಅದಕ್ಕೆ ಕಂಡೇ ಇಲ್ಲ. ಮತ್ತೆ ಅದಕ್ಕೇ ಕೇಳಿದರೆ ಎರಡನೇ ಅಭಿಪ್ರಾಯ ಹೆಂಗಾದೀತು?

ಬೇಜಾರು ಮಾಡ್ಕೋಬೇಡಿ, ಡಾಕ್ಟರುಗಳೂ ಬಿದ್ದಿದ್ದಾರೆ. ಜರ್ಮನಿಯ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 27 ರೇಡಿಯಾಲಜಿಸ್ಟರಿಗೆ ಸ್ತನದ ಎಕ್ಸ್‌ರೇ ಕೊಟ್ಟು, ಕೆಲವಕ್ಕೆ ಬೇಕಂತಲೇ 'ಎಐ' (ನಿಮ್ಮ ಆ್ಯಪ್‌ನಂಗೇ ಚಿತ್ರ ನೋಡಿ ಹೇಳೋ ಕಂಪ್ಯೂಟರ್) ಹೆಸರಲ್ಲಿ ತಪ್ಪು ಸಲಹೆ ತೋರಿಸಿದರು. ಸಲಹೆ ಸರಿ ಇದ್ದಾಗ ಸುಮಾರು 80% ಇದ್ದ ಅನುಭವ ಕಡಿಮೆ ಇದ್ದವರ ಸರಿ ಉತ್ತರ, ಸಲಹೆ ತಪ್ಪಿದ್ದಾಗ 20%ಕ್ಕೆ ಇಳಿಯಿತು. ತುಂಬಾ ಪಳಗಿದವರದ್ದೂ 82%ರಿಂದ 45%ರ ಆಸುಪಾಸಿಗೆ. ಉತ್ತರ ಮೊದಲೇ ಕಣ್ಣಿಗೆ ಬಿದ್ದರೆ ಕಣ್ಣು ಅದನ್ನೇ ಹುಡುಕುತ್ತೆ. ಅದಕ್ಕೇ ಆ್ಯಪ್ ತೆರೆಯೋ ಮುಂಚೆ ನಿಮ್ಮ ಅಂದಾಜು ಚೀಟಿಯಲ್ಲಿ ಬರೆದಿಡಿ. ಅಪ್ಪಾರದ್ದೂ ಬರೀರಿ.

ಗೊಬ್ಬರದ ಅಂಗಡಿಯವರು: ಖರೇ ಸರ್. ಈಗ ಯಾರೂ ಎಲಿ ತರೂದಿಲ್ಲ, ಸ್ಕ್ರೀನ್‌ಶಾಟ್ ತರ್ತಾರ. ನಾವೂ ಅದನ್ನ ನೋಡಿ ಬಾಟಲಿ ಕೊಡ್ತೀವಿ, ಸುಳ್ಳ್ಯಾಕ ಹೇಳ್ಲಿ.

ಉತ್ತರ: ನನಗೆ ಇನ್ನೂ ಹೆಚ್ಚು ಅಂಜಿಕೆ 'ಬೆಳೆ ಆರೋಗ್ಯವಾಗಿದೆ' ಅಂತ ಆ್ಯಪ್‌ನಲ್ಲಿ ಬಂದವರದ್ದು. ಅವರು ಹೊಲದ ಕಡೆಗೇ ಹೋಗಲ್ಲ, ನಮ್ಮ ಈ ಗುಂಪಲ್ಲಿ ಪ್ರಶ್ನೆಯನ್ನೂ ಕೇಳಲ್ಲ.

ರೈತ: ಮಗಳ ಲೆನ್ಸ್ ತಗೊಂಡು ನೋಡಿದೆರಿ. ಸಣ್ಣ ಬೆಳ್ಳನ್ನ ಚುಕ್ಕಿ ಹರದಾಡ್ತಾವು. ನಾಳೆ ಎಲಿ ಕಿತ್ತುಕೊಂಡು ರೈತ ಸಂಪರ್ಕ ಕೇಂದ್ರಕ್ಕ ಹೋಗ್ತೀನಿ. ಹೊಡಿಯೂದು ಯಾವಾಗ್ರಿ?

ಉತ್ತರ: ಅವರು ಎಲೆ ನೋಡಿ ಮೈಟ್ ನಾಶಕ ಬರೆದುಕೊಟ್ಟ ಮೇಲೆ, ಸಂಜೆ, ಗಾಳಿ ಇಲ್ಲದಾಗ. ಎಲೆಯ ತಳ ತೊಯ್ಯಬೇಕು.